ಬಿಸ್ಕೆಟ್ ಡಬ್ಬದಲ್ಲಿ ಒಂದು ಕೈ

ತೊಂಬತ್ತರ ದಶಕ ಶುರುವಾದ ಕಾಲ. ಹನೂರಿನಿಂದ ರಾಮಾಪುರದ ಕಡೆಗೆ ಹೋಗುವಾಗ ಸಿಗುವ, ಕಾಡಿಗೆ ಬೆನ್ನು ಕೊಟ್ಟು ಕೂತ ಒಂದು ಸಣ್ಣ ಹಳ್ಳಿಯಲ್ಲಿ ನಾನು ಮೇಷ್ಟ್ರಾಗಿದ್ದೆ. ಪಾಠ ಹೇಳುವುದು ನನ್ನ ಕೆಲಸದ ಒಂದು ಪಾಲು ಮಾತ್ರ. ಊರಿಗೆ ಬಂದ ಕಾಗದ ಓದುವುದು, ಮಾತ್ರೆಯ ಹೆಸರು ಬಿಡಿಸಿ ಹೇಳುವುದು, ಕೆಟ್ಟ ರೇಡಿಯೊ ಬಿಚ್ಚಿ ಇನ್ನಷ್ಟು ಕೆಡಿಸುವುದು ಎಲ್ಲವೂ ನನ್ನ ತಲೆಗೇ ಬರುತ್ತಿದ್ದವು. 'ಗೊತ್ತಿಲ್ಲ' ಎನ್ನುವ ಮಾತು ಮಾತ್ರ ನನ್ನ ಬಾಯಿಂದ ಬರುತ್ತಿರಲಿಲ್ಲ. ಆಮೇಲೆ ಆದದ್ದಕ್ಕೆಲ್ಲ ಮೂಲ ಇದೇ.

ಒಂದು ಸಂಜೆ ಸೈಕಲ್ಲಿನಲ್ಲಿ ಬರುತ್ತಿದ್ದಾಗ ರಸ್ತೆಗೆ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಬಲಗೈ ಊರಿ ಬಿದ್ದೆ. ಮಣಿಕಟ್ಟು ನೋಯುತ್ತಿತ್ತು. ಹೆಂಡತಿ ಉಪ್ಪಿನ ಶಾಖ ಕೊಡುತ್ತಾ, "ಕೊಳ್ಳೇಗಾಲಕ್ಕೆ ಹೋಗಿ ಮೂಳೆದೊಂದು ಫೋಟೊ ತೆಗೆಸ್ಕಂಡು ಬನ್ರೀ" ಎಂದಳು.

"ನೋಡಿಲ್ಲಿ, ಐದೂ ಬೆರಳು ಅಲ್ಲಾಡ್ತಾವೆ. ಮೂಳೆ ಮುರಿದಿದ್ರೆ ಅಲ್ಲಾಡ್ತಿದ್ವಾ? ಬರೀ ಉಳುಕು" ಎಂದು ಬೆರಳು ಕುಣಿಸಿ ತೋರಿಸಿದೆ. ಅವಳು ನನ್ನ ಬೆರಳಿಗಿಂತ ಹೆಚ್ಚು ಹೊತ್ತು ನನ್ನ ಮುಖ ನೋಡಿದಳು. ಹದಿನೈದು ದಿನ ಕಳೆದರೂ ಸೀಮೆಸುಣ್ಣ ಒತ್ತಿ ಬರೆದರೆ ಜೀವ ಹೋಗುವಷ್ಟು ನೋವು. ನಾನು ಹಲ್ಲು ಕಚ್ಚಿಕೊಂಡು ಬೋರ್ಡಿನ ಮೇಲೆ ಸಣ್ಣ ಸಣ್ಣ ಅಕ್ಷರ ಬರೆಯತೊಡಗಿದೆ.

ಒಂದು ಭಾನುವಾರ ಬೆಳಿಗ್ಗೆ ಊರ ಕೊನೆಯ ಮನೆಯ ರೈತ ಒಂದು ಮೊರ ಹಿಡಿದು ನಮ್ಮ ಬಾಗಿಲಿಗೆ ಬಂದ. ಅವನ ಹಿಂದೆ ಅರ್ಧ ಊರು.

"ಮೇಷ್ಟ್ರೇ, ನಮ್ಮ ನಾಯಿ ಇದ ಕಚ್ಕಂಡು ಬಂದದೆ. ಏನು ನೋಡಿ ಒಸಿ."

ಮೊರದಲ್ಲಿ ಒಂದು ಕೈ ಇತ್ತು. ಕೈ ಎಂದರೆ ಮೂಳೆ ಮಾತ್ರ. ಒಣಗಿದ ನರ ಅಲ್ಲಲ್ಲಿ ದಾರದ ಹಾಗೆ ಹಿಡಿದುಕೊಂಡಿತ್ತು. ಅಂಗೈ, ಐದು ಬೆರಳು ಎಲ್ಲ ಸ್ಪಷ್ಟ. ಬೆರಳ ತುದಿಗಳು ಮಾತ್ರ ಇರಲಿಲ್ಲ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ಅರ್ಧ ಊರು ನನ್ನ ಮುಖ ನೋಡುತ್ತಿತ್ತು. ಒಳಗೆ ಹೋಗಿ ಟ್ರೈನಿಂಗಿನಲ್ಲಿ ಬರೆದುಕೊಂಡಿದ್ದ ನೋಟ್ ಬುಕ್ ತಂದೆ. ಮನುಷ್ಯನ ಒಂದು ಕೈಯಲ್ಲಿ ಇಪ್ಪತ್ತೇಳು ಮೂಳೆ: ಮಣಿಕಟ್ಟಿನಲ್ಲಿ ಎಂಟು, ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು. ಒಂದು ಕಡ್ಡಿ ಹಿಡಿದು ಗಟ್ಟಿಯಾಗಿ ಎಣಿಸಿದೆ. ಇಪ್ಪತ್ತೊಂದು ಬಂತು. ತುದಿಯ ಐದು ಸೇರಿಸಿದರೆ ಇಪ್ಪತ್ತಾರು. ಮೂರು ಸಲ ಎಣಿಸಿದರೂ ಮಣಿಕಟ್ಟಿನಲ್ಲಿ ಒಂದು ಕಡಿಮೆ.

"ಒಂದನ್ನು ನಾಯಿ ನುಂಗಿದೆ" ಎಂದು ತೀರ್ಪು ಕೊಟ್ಟೆ. "ಇದು ಮನುಷ್ಯನ ಕೈ. ಬಲಗೈ."

ಎಲ್ಲರೂ ನಾಯಿಯನ್ನು ನೋಡಿದರು. ಅದು ಬಾಲ ಅಲ್ಲಾಡಿಸಿತು.

ಸುದ್ದಿ ಮುಟ್ಟಿ ಮಧ್ಯಾಹ್ನದ ಹೊತ್ತಿಗೆ ಪೊಲೀಸ್ ಪೇದೆ ಬಂದ. ನನ್ನದೇ ವಯಸ್ಸು, ಹೊಸದಾಗಿ ಈ ಕಡೆಗೆ ಬಂದಿದ್ದವನು. ಮೊರದ ಸುತ್ತ ಎರಡು ಸುತ್ತು ಬಂದು ಕಣ್ಣು ಕಿರಿದು ಮಾಡಿದ.

"ತುದಿ ಯಾಕಿಲ್ಲ ಗೊತ್ತಾ ಮೇಷ್ಟ್ರೇ? ಬೆರಳಚ್ಚು ಸಿಗ್ಬಾರ್ದು ಅಂತ ಕತ್ತರ್ಸವ್ನೆ. ಬಲೇ ಪಳಗಿದೋನು."

ಎಂಥ ತಲೆ ಇವನದು ಎಂದು ನಾನು ಬೆರಗಾದೆ. ಅವನೂ ನನ್ನ ಎಣಿಕೆಗೆ ಬೆರಗಾಗಿದ್ದ. ಹೀಗೆ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುತ್ತಾ ನಾವಿಬ್ಬರೂ ಮುಂದಿನ ಹೆಜ್ಜೆ ಯೋಚಿಸಿದೆವು. ಕೈ ಇಲ್ಲಿದೆ ಎಂದರೆ ಯಾರಿಗೋ ಕೈ ಇಲ್ಲ. ಆದ್ದರಿಂದ ಊರಿನವರ ಕೈ ಎಣಿಸಬೇಕು.

ಶಾಲೆಯ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಹಾಜರಿ ಕರೆದ ಹಾಗೆ ಒಂದೊಂದು ಮನೆಯ ಹೆಸರು ಕರೆಯುವುದು, ಆ ಮನೆಯವರು ಎರಡೂ ಕೈ ಮೇಲೆತ್ತುವುದು. ಕಂಕುಳಲ್ಲಿ ಮಗು ಇದ್ದವರು ಮಗುವಿನ ಕೈಯನ್ನೂ ಎತ್ತಿ ತೋರಿಸಿದರು. ಒಬ್ಬ ಮುದುಕ, "ನಂದು ಎರಡೂ ಅವೆ ಸಾ, ಆದ್ರೆ ಎಡದ್ದು ಮೇಲಕ್ಕೆ ಏಳಕಿಲ್ಲ" ಎಂದ. ಪೇದೆ ಹತ್ತಿರ ಹೋಗಿ ಮುಟ್ಟಿ ನೋಡಿ ಒಪ್ಪಿಕೊಂಡ. ಕೊನೆಗೆ ಒಬ್ಬನ ಲೆಕ್ಕ ಮಾತ್ರ ತಪ್ಪಿತು. ಕೊಟ್ಟಿಗೆಗೆ ಹುಲ್ಲು ಹೊದಿಸುವ ವಿಷಯಕ್ಕೆ ಹೆಂಡತಿಯ ಜೊತೆ ಜಗಳವಾಡಿ ಐದು ದಿನದ ಹಿಂದೆ ಹೊರಟವನು ಇನ್ನೂ ವಾಪಸು ಬಂದಿರಲಿಲ್ಲ.

ಅವನ ಹೆಂಡತಿ ಮುಂದೆ ಬಂದು ಮೊರದೊಳಗೆ ಇಣುಕಿದಳು. ಒಂದು ಪಕ್ಕದ ಬೆರಳು ಉಳಿದ ನಾಲ್ಕಕ್ಕಿಂತ ದಪ್ಪಗಿತ್ತು.

"ಅಯ್ಯೋ, ಇದು ಅವರ ಹೆಬ್ಬೆಟ್ಟೇ ಕಣ್ರಪ್ಪೋ! ಇಂಥ ದಪ್ಪನೆ ಹೆಬ್ಬೆಟ್ಟು ಸೀಮೇಲೇ ಇನ್ನೊಬ್ರಿಗಿಲ್ಲ!" ಎಂದು ಕುಸಿದು ಕೂತು ಗೋಳೋ ಎಂದಳು. ನಾನೂ ಮೂಗು ಒರೆಸಿಕೊಂಡೆ. ಆ ಮನುಷ್ಯ ನಮ್ಮ ಶಾಲೆಯ ಹೆಂಚು ಸರಿಮಾಡಿ ಕೊಟ್ಟಿದ್ದವನು.

ಪೇದೆಯ ಸಾಹೇಬರು ಇದನ್ನೆಲ್ಲ ಕೇಳಿ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ ಅವರ ಮಾತು ತೆಗೆದುಕೊಂಡು ಬಾ ಎಂದು ಹೇಳಿ ಕಳಿಸಿದರಂತೆ. ಸೋಮವಾರ ರಜೆ ಹಾಕಿ ನಾನೂ ಹೊರಟೆ. ಎಣಿಸಿದವನು ನಾನಲ್ಲವೇ? ಕೈಯನ್ನು ಹತ್ತಿಯಲ್ಲಿ ಸುತ್ತಿ ನಮ್ಮ ಮನೆಯ ಬಿಸ್ಕೆಟ್ ಡಬ್ಬದಲ್ಲಿ ಇಟ್ಟಿದ್ದೆವು. ಆ ಡಬ್ಬ ಮತ್ತೆ ಮನೆಯೊಳಗೆ ಬರಕೂಡದು ಎಂದು ಹೆಂಡತಿ ಆಣೆ ಹಾಕಿಸಿದಳು.

ಮಾದಪ್ಪನ ಬೆಟ್ಟದಿಂದ ಕೊಳ್ಳೇಗಾಲಕ್ಕೆ ವಾಪಸಾಗುವ ಬಸ್ಸು. ಮುಡಿ ಕೊಟ್ಟು ಬಂದವರ ನುಣ್ಣನೆ ತಲೆಗಳೇ ತುಂಬಿದ್ದವು. ಪಕ್ಕದ ಸೀಟಿನ ಅಜ್ಜಿ ನನ್ನ ತೊಡೆಯ ಮೇಲಿನ ಡಬ್ಬವನ್ನೇ ನೋಡುತ್ತಿದ್ದಳು.

"ಮಾದಪ್ಪನ ಪರಸಾದ್ವಾ ಮಗಾ? ನಂದು ದಾರೀಲೇ ಮುಗದೋಯ್ತು. ಒಂಚೂರು ಕೊಡು."

ನಾನು ಬೆವೆತೆ. ಪೇದೆ ನಡುವೆ ಬಾಯಿ ಹಾಕಿದ. "ಪರಸಾದ ಅಲ್ಲ ಕಣಜ್ಜಿ, ಸರ್ಕಾರಿ ಸಾಮಾನು."

"ಸುಳ್ಳು ಏಳ್ಬೇಡ. ಕೊಡದಿದ್ರೆ ಬುಡು, ಕಣ್ಗಾದ್ರೂ ಒತ್ಕತೀನಿ" ಎಂದು ಅಜ್ಜಿ ಡಬ್ಬವನ್ನು ಕಿತ್ತುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. ಹಿಂದಿನ ಸೀಟಿನವರು "ಇತ್ತಾಗೂ ಕೊಡಜ್ಜಿ" ಎಂದರು. ಡಬ್ಬ ಕೈಯಿಂದ ಕೈಗೆ ಸಾಗಿ ಇಡೀ ಬಸ್ಸು ಸುತ್ತಿತು. ಅದು ನನ್ನ ತೊಡೆಗೆ ಮರಳಿದಾಗ ಮಧುವನಹಳ್ಳಿ ದಾಟಿತ್ತು. ಮುಚ್ಚಳದ ಮೇಲೆ ಯಾರೋ ವಿಭೂತಿ ಹಚ್ಚಿದ್ದರು.

ಕೊಳ್ಳೇಗಾಲದ ಡಾಕ್ಟರು ತಣ್ಣನೆ ಮನುಷ್ಯ. ಡಬ್ಬ ತೆರೆದು, ಹತ್ತಿ ಬಿಡಿಸಿ, ಮೂಳೆಗಳನ್ನು ಮೇಜಿನ ಮೇಲೆ ಹರಡಿದರು. ನಾನು ಗಂಟಲು ಸರಿಮಾಡಿಕೊಂಡು, "ಇಪ್ಪತ್ತಾರು ಲೆಕ್ಕ ಸಿಗ್ತದೆ ಸಾರ್. ಒಂದು ನಾಯಿ ಹೊಟ್ಟೇಲಿದೆ. ಬಲಗೈ" ಎಂದೆ. ಪೇದೆ ಕತ್ತರಿಸಿದ ಬೆರಳ ತುದಿಯ, ದಪ್ಪ ಹೆಬ್ಬೆಟ್ಟಿನ ಕಥೆ ಸೇರಿಸಿದ.

ಡಾಕ್ಟರು ಸುಮಾರು ಹೊತ್ತು ನೋಡಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮೇಷ್ಟ್ರೇ, ಇದು ಬಲಗೈ ಅಲ್ಲ. ಕೈಯೂ ಅಲ್ಲ. ಇದು ಕರಡಿಯ ಎಡಗಡೆ ಮುಂಗಾಲು."

ಪೇದೆ ಕುರ್ಚಿಯಲ್ಲಿ ಕೂತುಬಿಟ್ಟ.

"ಚರ್ಮ ಉಗುರು ಹೋದ್ಮೇಲೆ ಕರಡಿ ಪಾದ ನಮ್ಮ ಕೈ ಥರಾನೇ ಕಾಣುತ್ತೆ. ನೀವು ಹೆಬ್ಬೆರಳು ಅಂದ್ಕೊಂಡಿದ್ದು ಅದರ ಕಿರುಬೆರಳು. ಕರಡಿಗೆ ಹೊರಗಡೆ ಬೆರಳೇ ದಪ್ಪ. ತುದಿ ಯಾರೂ ಕತ್ತರಿಸಿಲ್ಲ, ಉಗುರಿನ ಜೊತೆ ಹೋಗಿದೆ, ಅಷ್ಟೆ. ನಾಯಿ ಮೇಲೂ ಸುಮ್ನೆ ಅಪವಾದ ಹಾಕ್ಬೇಡಿ. ನಮಗೆ ಮಣಿಕಟ್ಟಿನಲ್ಲಿ ಎಂಟು ಮೂಳೆ, ಕರಡಿಗೆ ಏಳೇ. ನಮ್ಮಲ್ಲಿ ಬೇರೆ ಬೇರೆ ಇರೋ ಎರಡು, ಅದರಲ್ಲಿ ಕೂಡಿ ಒಂದಾಗಿವೆ. ಅದು ಮೈಭಾರ ಹಾಕಿ ನಡೀಬೇಕು, ಹುತ್ತ ಅಗೀಬೇಕು, ಗಟ್ಟಿ ಬೇಕು. ನಾವು ಕೈಯನ್ನ ನೆಲದಿಂದ ಎತ್ತಿ ಎಷ್ಟೋ ಕಾಲ ಆಯ್ತು. ತಿರುಗಿಸ್ಬೇಕು, ಹಿಡೀಬೇಕು, ಬರೀಬೇಕು. ಅದಕ್ಕೇ ಬಿಡಿ ಬಿಡಿ."

ನನಗೆ ನಾಚಿಕೆಗಿಂತ ಮೊದಲು ಸಂತೋಷವಾಯಿತು. ನನ್ನ ಎಣಿಕೆ ಸರಿಯಾಗಿತ್ತು! ಇಪ್ಪತ್ತಾರೇ! ಪ್ರಾಣಿ ಮಾತ್ರ ಬೇರೆ. ಇದನ್ನು ಪೇದೆಗೆ ಹೇಳಿದರೆ ಅವನು ಮುಖ ಆ ಕಡೆ ತಿರುಗಿಸಿದ.

"ಪಕ್ಕದಲ್ಲಿಟ್ಟು ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ಬನ್ನಿ, ನಿಮ್ಮ ಕೈದೂ ಒಂದು ಎಕ್ಸ್‌ರೇ ತೆಗೆಯೋಣ" ಎಂದು ಡಾಕ್ಟರು ಹುರುಪಿನಿಂದ ಎದ್ದರು. ನನ್ನ ಬಲಗೈ, ಕರಡಿಯ ಎಡ ಮುಂಗಾಲು ಎರಡನ್ನೂ ತೆಗೆಸಿ, ಫಿಲ್ಮುಗಳನ್ನು ದೀಪದ ಮುಂದೆ ಹಿಡಿದರು. ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. ಮೊದಲು ಕರಡಿಯ ಕೂಡಿಕೊಂಡ ಮೂಳೆ ತೋರಿಸಿದರು. ಆಮೇಲೆ ನನ್ನದರಲ್ಲಿ ಅದಕ್ಕೆ ಸಮನಾದ, ಹೆಬ್ಬೆರಳ ಬುಡದ ದೋಣಿಯಾಕಾರದ ಪುಟ್ಟ ಮೂಳೆಯ ಮೇಲೆ ಪೆನ್ನು ಇಟ್ಟವರು, ಅಲ್ಲೇ ನಿಂತರು.

"ಮೇಷ್ಟ್ರೇ, ಇತ್ತೀಚೆಗೆ ಬಿದ್ದಿದ್ರಾ?"

"ಬರೀ ಉಳುಕು ಸಾರ್. ಬೆರಳು ಅಲ್ಲಾಡ್ತಾವೆ."

ಅವರು ನನ್ನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿ, ಅದರ ಬುಡದಲ್ಲಿ ನಶ್ಯ ಹಾಕಿಕೊಳ್ಳುವವರು ನಶ್ಯ ಸುರಿದುಕೊಳ್ಳುವ ಸಣ್ಣ ಗುಳಿಯನ್ನು ಒಂದೇ ಒಂದು ಸಲ ಒತ್ತಿದರು. ನಾನು ಹಾಕಿದ ಕೂಗಿಗೆ ಹೊರಗೆ ಕೂತಿದ್ದ ರೋಗಿಗಳಲ್ಲಿ ಇಬ್ಬರು ಎದ್ದು ಮನೆಗೆ ಹೋದರೆಂದು ಆಮೇಲೆ ಗೊತ್ತಾಯಿತು.

"ಮುರಿದಿದೆ. ಎರಡು ಹೋಳು" ಎಂದರು ಡಾಕ್ಟರು. "ಈ ಮೂಳೆ ಸ್ವಲ್ಪ ಮೋಸಗಾರ. ಊತ ತೋರಿಸಲ್ಲ, ಬೆರಳೂ ಅಲ್ಲಾಡ್ತಾವೆ. ಇದಕ್ಕೆ ರಕ್ತ ಬರೋದೂ ಹಿಂದಿನ ಬಾಗಿಲಿಂದ, ಅದಕ್ಕೇ ಕೂಡೋದು ನಿಧಾನ. ಮೂರು ತಿಂಗಳು ಪ್ಲಾಸ್ಟರು."

ಪೇದೆಯ ಮುಖ ಆಗ ಅರಳಿತು. "ಮೇಷ್ಟ್ರೇ, ನಿಮ್ಗೆ ಕರಡಿ ಕೈಯೇ ಇದ್ದಿದ್ರೆ ಮುರೀತಿರ್ಲಿಲ್ಲ ಬುಡಿ" ಎಂದು ಸಮಾಧಾನ ಹೇಳಿದ.

ಮೊಣಕೈ ಕೆಳಗಿನಿಂದ ಹೆಬ್ಬೆರಳವರೆಗೆ ಪ್ಲಾಸ್ಟರು ಬಿತ್ತು. ಕೈಯಲ್ಲಿ ಲೋಟ ಹಿಡಿದ ಹಾಗೆ ಬೆರಳು ಇಟ್ಟುಕೊಳ್ಳಿ ಎಂದು ಹೇಳಿ ಆ ಭಂಗಿಯಲ್ಲೇ ಕಟ್ಟಿದರು. ಡಬ್ಬ ಪೇದೆಯ ಕೈಗೆ ಹೋಯಿತು.

ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ನಮ್ಮ ಸತ್ತವನು ಕೂತು ಬೋಂಡ ತಿನ್ನುತ್ತಿದ್ದ. ಎರಡು ಕೈಯಲ್ಲೂ ಎರಡು ಬೋಂಡ.

"ಲೇ! ಬದುಕಿದ್ದೀಯೇನ್ಲಾ!" ಎಂದು ಪೇದೆ ಖುಷಿಯಿಂದ ಕೂಗಿ ಓಡಿದ. ಆ ಬಡಪಾಯಿ ಕಂಡದ್ದು ಖಾಕಿ ಬಟ್ಟೆ ತನ್ನ ಕಡೆಗೆ ಓಡಿಬರುವುದನ್ನು. ಹೆಂಡತಿ ಕಂಪ್ಲೇಂಟು ಕೊಟ್ಟಿದ್ದಾಳೆಂದು ಬೋಂಡ ಬಿಟ್ಟು ಓಟ ಕಿತ್ತ. ಅವನ ಹಿಂದೆ ಪೇದೆ, ಪೇದೆಯ ಹಿಂದೆ ಬಿಳಿ ಕೈ ಎತ್ತಿಕೊಂಡು ನಾನು. ಸ್ಟ್ಯಾಂಡು ಎರಡು ಸುತ್ತು ಸುತ್ತಿದ ಮೇಲೆ ಸಿಕ್ಕ. ಪೇದೆ ಅವನ ಬಲಗೈ ಹಿಡಿದು ತಿರುಗಿಸಿ ನೋಡಿದ.

"ನಾ ಏನೂ ಮಾಡಿಲ್ಲ ಸಾ! ಯಳಂದೂರಲ್ಲಿ ಅಕ್ಕನ ಮನೇಲಿದ್ದೆ. ಕೊಟ್ಟಿಗೆ ನಾಳೇನೇ ಒದಿಸ್ತೀನಿ ಸಾ!"

ಊರಿಗೆ ಕರೆತಂದೆವು. ಅವನ ಹೆಂಡತಿ ಮೊದಲು ಅತ್ತಳು, ಆಮೇಲೆ ವಿಷಯ ತಿಳಿದು ಉರಿದುಬಿದ್ದಳು. "ಎರಡು ದಿನ ಒಂದು ಕರಡಿಗೆ ಅತ್ತೆನಲ್ಲಪ್ಪಾ ನಾನು!" ಎಂದಳು. ಅವನಿಗೆ ಬೇರೆಯದೇ ಸಿಟ್ಟು. "ನನ್ನ ಹೆಬ್ಬೆಟ್ಟು ಕರಡಿ ಹೆಬ್ಬೆಟ್ಟಿನಂಗಿದ್ದದಾ?" ಎಂದು ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡ. ಅದು ಹೆಬ್ಬೆಟ್ಟಲ್ಲ, ಕಿರುಬೆರಳು ಎಂದು ನಾನು ತಿದ್ದಲು ಹೋದೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಕ್ಷಣದಿಂದ ಅವರಿಬ್ಬರೂ ರಾಜಿಯಾದರು.

ಹೆಂಡತಿಗೆ ಫಿಲ್ಮು ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟಳು. ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಡುವಾಗ ಮಾತ್ರ ಪ್ರತಿ ಸಲವೂ ಕೇಳುತ್ತಿದ್ದಳು: "ಬೆರಳು ಅಲ್ಲಾಡ್ತಾವಾ?"

ಮೂರು ತಿಂಗಳೂ ಆ ಲೋಟ ಹಿಡಿದ ಭಂಗಿ ನನ್ನನ್ನು ಬಿಡಲಿಲ್ಲ. ಹೋಟೆಲಿನಲ್ಲಿ ಮಾಣಿ ಕೇಳದೆಯೇ ಟೀ ಲೋಟ ತಂದು ಆ ಸಂದಿಯೊಳಗೆ ಸಿಗಿಸಿ ಹೋಗುತ್ತಿದ್ದ. ಅಳತೆ ಸರಿಯಾಗಿ ಕೂರುತ್ತಿತ್ತು. ಬಸ್ಸಿನಲ್ಲಿ ಅಪರಿಚಿತರು ನನ್ನ ಕೈ ನೋಡಿ, "ಯಾವಾಗಿಂದ ಕುಡಿಯೋದು?" ಎಂದು ಮರುಕದಿಂದ ಕೇಳಿದರು. ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದರೆ ಅಕ್ಷರಗಳು ಬೆಟ್ಟದ ಜಾತ್ರೆಗೆ ಹೊರಟ ಹಾಗೆ ಮೇಲೆ ಮೇಲೆ ಏರುತ್ತಿದ್ದವು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಮಕ್ಕಳ ಕಾಪಿ ಪುಸ್ತಕಗಳೆಲ್ಲ ಹಾಗೇ ಏರಿರುವುದನ್ನು ಕಂಡು, ಇದೇನು ಹೊಸ ಪದ್ಧತಿಯೇ ಎಂದರು. ಹೌದು ಸಾರ್ ಎಂದೆ. ಆ ಒಂದು ಅಭ್ಯಾಸ ಇನ್ನೂ ಹೋಗಿರಲಿಲ್ಲ.

ಪ್ಲಾಸ್ಟರು ಬಿಚ್ಚಿದ ದಿನ ಒಳಗಿಂದ ಬೇರೆ ಯಾರದೋ ಕೈ ಬಂತು. ಸಣ್ಣಗೆ, ಬೆಳ್ಳಗೆ, ಸುಕ್ಕುಗಟ್ಟಿ, ಮುಗ್ಗಲು ವಾಸನೆ ಬಿಡುತ್ತಾ. ಮೂಳೆ ಕೂಡಿತ್ತು. ಮಣಿಕಟ್ಟು ಮಾತ್ರ ಬಾಗಿಲ ಹಳೆಯ ಕೀಲಿನ ಹಾಗೆ ಬಿಗಿದಿತ್ತು. "ದಿನಾ ಒದ್ದೆ ಬಟ್ಟೆ ಹಿಂಡಿ, ಸರಿ ಹೋಗುತ್ತೆ" ಎಂದರು ಡಾಕ್ಟರು. ಹೆಂಡತಿ ಜೊತೆಗೇ ಬಂದಿದ್ದಳು. ಆ ಮಾತನ್ನು ಅವಳು ಎರಡು ಸಲ ಹೇಳಿಸಿ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಬೋರಿನ ತೊಟ್ಟಿಯ ಹತ್ತಿರ ನನಗಾಗಿ ಬಟ್ಟೆ ರಾಶಿ ಕಾದಿತ್ತು. ಮೊದಲ ವಾರ ಟವೆಲು, ಎರಡನೆಯ ವಾರ ಪಂಚೆ, ತಿಂಗಳ ಕೊನೆಗೆ ಕಂಬಳಿ. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತು ನೋಡುತ್ತಿದ್ದರು. ಕೆಲವರು ತಮ್ಮ ಗಂಡಂದಿರನ್ನೂ ಕರೆತಂದು ತೋರಿಸಿದರು. ಕಂಬಳಿಯನ್ನು ಕೊನೆಯ ಹನಿಯವರೆಗೆ ಹಿಂಡಿದ ದಿನ ನನಗೇ ಹೆಮ್ಮೆಯಾಗಿ, ಕೈ ಪೂರ್ತಿ ಗುಣವಾಯಿತು ಎಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಮಣಿಕಟ್ಟನ್ನು ಹಿಡಿದು ಆ ಕಡೆ ಈ ಕಡೆ ಬಗ್ಗಿಸಿ ನೋಡಿ, ಇನ್ನೂ ಆರು ತಿಂಗಳು ಬೇಕು ಎಂದಳು.