ಚಪ್ಪಲಿ ಬಿಟ್ಟ ಜಾಗ

ಹುಣಸೂರಿನ ಕಾಲೇಜಿನಲ್ಲಿ ನಮಗೆ ಸಂಖ್ಯಾಶಾಸ್ತ್ರ ಹೇಳುತ್ತಿದ್ದ ಮೇಡಂಗೆ ಸಮುದ್ರದ ಹುಚ್ಚು. ಪ್ರತಿ ವರ್ಷದ ಅಳತೆಗಳಲ್ಲಿ ಅತಿ ದೊಡ್ಡ ಅಲೆಯೊಂದನ್ನೇ ಆರಿಸಿಕೊಂಡು, ಮುಂದೆ ಎಂಥದು ಏಳಬಹುದೆಂದು ಲೆಕ್ಕ ಹಾಕುತ್ತಿದ್ದರು. ಸೀಮೆಸುಣ್ಣದ ಕೈಯನ್ನು ತಲೆಯ ಮೇಲೆತ್ತಿ, "ಇದ್ಕಿಂತ ದೊಡ್ಡದು ಇನ್ನೂ ಬತ್ತದೆ ಕಣ್ರೋ!" ಎನ್ನುತ್ತಿದ್ದರು.

ಒಮ್ಮೆ ನಮ್ಮನ್ನು ಮಂಗಳೂರಿನ ಕಡಲಿಗೆ ಕರೆದೊಯ್ದರು. ಕೆರೆ ತುಂಬಿದರೆ ನೀರು ಕೋಡಿಯಲ್ಲಿ ಹರಿದುಹೋಗುವುದನ್ನು ನೋಡಿ ಬೆಳೆದವರು ನಾವು. ಒದ್ದೆ ಮರಳಿನ ಗೆರೆಯೇ ಕಡಲಿನ ಕೋಡಿ, ನೀರು ಅದನ್ನು ದಾಟಿ ಏರದು ಎಂದುಕೊಂಡು, ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟೆವು. ಮೇಡಂ ನಕ್ಕು, ತಮ್ಮದನ್ನು ದೂರದ ಸರ್ವೆ ಮರದ ಬುಡದಲ್ಲಿಟ್ಟರು. "ನನ್ ಲೆಕ್ಕದಲ್ಲಿ ಇಲ್ಲೀಗಂಟ ಬರಾಕಿಲ್ಲ."

ಮಧ್ಯಾಹ್ನ ಎದ್ದ ಒಂದು ಅಲೆ ನಮ್ಮ ಚಪ್ಪಲಿಗಳನ್ನೆಲ್ಲ ಬಾಚಿಕೊಂಡು, ಸರ್ವೆ ಮರವನ್ನೂ ಮುಟ್ಟಿ, ಅವರದನ್ನೂ ಒಯ್ದಿತು. ನಾವು ಪೆಚ್ಚಾಗಿ ನಿಂತಿದ್ದರೆ, ಮೇಡಂ ಬರಿಗಾಲಲ್ಲಿ ಕುಣಿಯುತ್ತಾ ಕೂಗಿದರು:

"ಇನ್ನೂ ದೊಡ್ಡದು ಬತ್ತದೆ ಅಂತ ನಾನ್ ಹೇಳಿರ್ಲಿಲ್ವೇನ್ರೋ!"