ಒಂದೇ ರ‍್ಯಾಮಿಗೆ ಮೂರು ಸಂಖ್ಯೆ

ತಂಗಿಯ ನಿಶ್ಚಯವಾದ ಮೇಲೆ ನನ್ನ ಲ್ಯಾಪ್‌ಟಾಪಿಗೂ ಒಳ್ಳೆಯ ಕಾಲ ಬಂತು. ವರನಿಗೆ ಯಾದಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ನಾನು ಶಹಾಪುರದಲ್ಲಿ ಹೈಸ್ಕೂಲ್ ಮಾಸ್ತರ. ಒಂದು ಪ್ರಶ್ನೆಪತ್ರಿಕೆ ತೆರೆಯಲು ಹೇಳಿ, ಹೋಗಿ ಚಹಾ ಕುಡಿದು ಬಂದರೂ ಇನ್ನೂ ತೆರೆಯುತ್ತಲೇ ಇರುವಂಥ ಲ್ಯಾಪ್‌ಟಾಪು ನನ್ನದು. ಅಂಗಡಿಗೆ ಒಯ್ದಾಗ ಆತ ಹಳೆಯ ರ‍್ಯಾಮ್ ತೆಗೆದು ಹೊಸದು ಕೂಡಿಸಿದ. ಅದರ ಖಾಲಿ ಡಬ್ಬಿಯನ್ನೂ ಕೈಗಿಟ್ಟು, "ಮೂರು ಸಾವಿರದ ಎರಡನೂರರ ಸ್ಪೀಡಿಂದು ಹಾಕೀನ್ರಿ. ಇನ್ನ ಓಡ್ತದ" ಎಂದ. ನಿಜವಾಗಿಯೂ ಓಡಿತು.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ನನಗೆ ಸುಮ್ಮನಿರಲು ಬರುವುದಿಲ್ಲ. ರವಿವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಒಳಗಿನ ಭಾಗಗಳ ವಿವರ ತೋರಿಸುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡು ನೋಡಿದೆ. ಮೆಮೊರಿಯ, ಅಂದರೆ ಆ ರ‍್ಯಾಮಿನ, ಮುಂದೆ 1600 ಎಂದಿತ್ತು. ಡಬ್ಬಿ ಹುಡುಕಿ ತೆಗೆದೆ. ಅದರ ಮೇಲೆ ಡಿಡಿಆರ್4-3200, ಕೆಳಗೆ ಸಣ್ಣ ಅಕ್ಷರದಲ್ಲಿ ಪಿಸಿ4-25600. ಒಂದೇ ವಸ್ತುವಿಗೆ ಮೂರು ಸಂಖ್ಯೆ! ಯಂತ್ರ ತಾನಾಗಿ ಒಪ್ಪಿಕೊಂಡದ್ದು ಆತ ಹೇಳಿದ್ದರ ಸರಿಯಾಗಿ ಅರ್ಧ. ಸಿಟ್ಟು ನೆತ್ತಿಗೇರಿತು. ಲಗ್ನಕ್ಕೆ ಮೊದಲೇ ಹೆಣ್ಣಿನ ಅಣ್ಣನಿಗೆ ಟೋಪಿ ಹಾಕುವವನು ನಾಳೆ ನನ್ನ ತಂಗಿಯನ್ನು ಹೇಗೆ ನೋಡಿಕೊಂಡಾನು?

ಆತನಿಗೇ ಫೋನು ಮಾಡಿ ಕೇಳಿದ್ದರೆ ಎರಡು ನಿಮಿಷದ ಮಾತು. ಆದರೆ ನಮ್ಮಲ್ಲಿ ಅಕ್ಷತೆ ಬೀಳುವವರೆಗೆ ಬೀಗರನ್ನು ನೇರವಾಗಿ ಏನೂ ಕೇಳುವಂತಿಲ್ಲ. ತಕರಾರೇನಿದ್ದರೂ ಸಂಬಂಧ ಕೂಡಿಸಿದ ಹಿರಿಯರ ಮುಖಾಂತರವೇ ಹೋಗಬೇಕು. ನಮ್ಮ ಪಾಲಿನ ಹಿರಿಯರು ಸುರಪುರದಲ್ಲಿರುವ ದೂರದ ಕಾಕಾ. ಅವರ ಕಿವಿಗೆ ಬಿದ್ದ ಮೇಲೆ ಅದು ರ‍್ಯಾಮಿನ ಮಾತಾಗಿ ಉಳಿಯುವುದಿಲ್ಲ, ಹುಡುಗನಿಗೆ ನಿಯತ್ತಿಲ್ಲ ಎಂಬ ಮಾತಾಗುತ್ತದೆ. ಗೊತ್ತಿದ್ದೂ ಅಂಗಿ ಹಾಕಿಕೊಂಡೆ. ಅಪ್ಪ ಇಲ್ಲದ ಮನೆಗೆ ನಾನೇ ಯಜಮಾನ ಎಂಬ ಗತ್ತು ಬೇರೆ.

ಅವ್ವನಿಗೂ ತಂಗಿಗೂ ಆ ಸಂಖ್ಯೆಗಳ ಕಥೆ ಹೇಳಿ, "ಈ ಸಂಬಂಧ ಬ್ಯಾಡ ಅಂತ ಕಾಕಾಗ ಹೇಳಿ ಬರ್ತೀನಿ" ಎಂದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಿ.ಎಸ್ಸಿ. ಓದಿದ ತಂಗಿ ಮಾತ್ರ, "ಅಣ್ಣಾ, ಆ ಡಬ್ಬಿ ಎಲ್ಲಿಟ್ಟೀದಿ?" ಎಂದಷ್ಟೇ ಕೇಳಿದಳು.

ಬಸ್ಸು ಹಿಡಿದು ಸುರಪುರಕ್ಕೆ ಹೋದೆ. ಕಾಕಾ ಬಾಗಿಲಲ್ಲೇ ಇದ್ದರು.

"ಕಾಕಾ, ಒಂದು ಮಾತು ಹೇಳೂದದರಿ."

"ಉಂಡ ಮ್ಯಾಲ ಹೇಳು. ಬಿಸಲಾಗ ಬಂದೀದಿ, ಮೊದಲ ಕೈಕಾಲ ತೊಳಕೋ."

ಅವರ ಮನೆಯಲ್ಲಿ ಉಣ್ಣದವನ ಮಾತು ಯಾರೂ ಕೇಳುವುದಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಬಂತು. ಮೊದಲ ಎರಡು ರೊಟ್ಟಿಯನ್ನು ಸಿಟ್ಟಿನಲ್ಲೇ ಮುರಿದು ತಿಂದೆ. ಮೂರನೆಯದು ರುಚಿ ಎನಿಸಿತು. ಕೈ ತೊಳೆಯುವಾಗ ಫೋನು ಬಂತು. ತಂಗಿ.

"ಅಣ್ಣಾ, ನೀ ಈಗ ಹೋದ ಬಸ್ಸು ಸುರಪುರಕ್ಕ ಹೋಗಿ ಬಂದ್ರ ಒಂದು ಟ್ರಿಪ್ ಅಂತ ಹಿಡಿ. ಆದ್ರ ಮಂದಿನ್ನ ಎಷ್ಟು ಸಲ ಹೊತ್ತಂಗಾತು?"

"ಹೋಗೂಮುಂದ ಒಂದು, ಬರೂಮುಂದ ಒಂದು. ಎರಡು ಸಲ. ಯಾಕ?"

"ಈ ರ‍್ಯಾಮೂ ಹಂಗೇ. ನೀ ನೋಡಿದ ಸಾವಿರದ ಆರನೂರು ಬರೇ ಟ್ರಿಪ್. ಒಂದು ಟ್ರಿಪ್ಪಿಗೆ ಎರಡು ಸಲ ಹೊರ್ತದ, ಅದಕ್ಕ ಡಬ್ಬಿ ಮ್ಯಾಲ ಮೂರು ಸಾವಿರದ ಎರಡನೂರು. ಒಂದೊಂದು ಸಲಕ್ಕ ಎಂಟು ಬೈಟ್. ಎಂಟರಲೆ ಗುಣಿಸು."

ಗುಣಿಸಿದೆ. ಇಪ್ಪತ್ತೈದು ಸಾವಿರದ ಆರನೂರು, ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿದ್ದ ಸಂಖ್ಯೆ.

"ನಿನ್ನ ಲ್ಯಾಪ್‌ಟಾಪಿನಾಗೇ ಇರೋ ಟಾಸ್ಕ್ ಮ್ಯಾನೇಜರಿನಾಗೂ ನೋಡೀನಿ, 3200 ಅಂತೇ ಅದ. ಅಂವ ಹೇಳಿದ್ದು ಖರೇನೇ ಅದ."

ಮಕ್ಕಳಿಗೆ ಲೆಕ್ಕ ಕಲಿಸುವ ಮಾಸ್ತರ ನಾನು. ಎರಡರ ಮಗ್ಗಿ ತಪ್ಪಿ ಒಂದು ಲಗ್ನ ಮುರಿಯಲು ಹೊರಟಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಮಾಧಾನವಾಯಿತು. ಗೋಡೆಗೆ ಒರಗಿ ನಿಂತುಬಿಟ್ಟೆ.

"ಕಾಕಾಗ ಹೇಳಿಬಿಟ್ಟಿಯೇನು?" ತಂಗಿಯ ದನಿ ಸಣ್ಣದಾಗಿತ್ತು.

"ಇಲ್ಲವ್ವ. ಇನ್ನೂ ಉಣ್ಣಾಕತ್ತಿದ್ದೆ."

ಆ ಕಡೆಯಿಂದ ದೊಡ್ಡ ಉಸಿರೊಂದು ಕೇಳಿಸಿತು. ಆಮೇಲೆ ಅಂದಳು: "ಹೇಳಬ್ಯಾಡ ಅಣ್ಣಾ. ನನಗ ಅಂವ ಬೇಕು."

ವರನ ಮನೆ ನೋಡಿದ್ದೆವು, ಅಂಗಡಿ ನೋಡಿದ್ದೆವು, ಹತ್ತು ಮಂದಿಯನ್ನು ವಿಚಾರಿಸಿದ್ದೆವು. ಇವಳು ತಲೆ ಬಗ್ಗಿಸಿ ಕೂತದ್ದನ್ನೇ ಒಪ್ಪಿಗೆ ಅಂದುಕೊಂಡಿದ್ದೆವು. ನಾನಂತೂ ಒಂದು ಸಲವೂ ಕೇಳಿರಲಿಲ್ಲ.

ಒಳಗೆ ಬಂದಾಗ ಕಾಕಾ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಹ್ಞಾಂ, ಈಗ ಹೇಳು. ಏನದ ಮಾತು?"

"ಲಗ್ನ ಜಲ್ದಿ ಮಾಡೂಣ್ರಿ ಕಾಕಾ. ಹುಡುಗಿ ಒಪ್ಯಾಳ."

"ಒಪ್ಪಿದ ಮ್ಯಾಲೇ ನಿಶ್ಚಯ ಮಾಡೀವಲ್ಲೋ?"

"ಇಲ್ರಿ," ಎಂದೆ, "ಇವತ್ತ ಒಪ್ಯಾಳ."