ಹೊಳೆ ಕಡೆ ಕಿಟಕಿ

ತೊಂಬತ್ತೆಂಟರಲ್ಲಿ ನಾನು ಪಿ.ಜೆ. ಬಡಾವಣೆಯ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಅವತ್ತು ಔಟ್‌ಲೈನ್, ಅಂದರೆ ಒಂದರೊಳಗೊಂದು ಸೇರುವ ಪಟ್ಟಿ ಮಾಡುವ ಪಾಠ. ಎಂಟರ್ ಒತ್ತಿದರೆ ಹೊಸ ಸಾಲು, ಟ್ಯಾಬ್ ಒತ್ತಿದರೆ ಅದು ಮೇಲಿನ ಸಾಲಿನ ಒಳಗೆ ಸೇರುತ್ತದೆ, ಅಷ್ಟೇ. ಏನಾದರೂ ಬರೆದು ನೋಡಿ ಅಂದೆ.

ಹರಿಹರದಿಂದ ಬರುತ್ತಿದ್ದ ಗೃಹಿಣಿಯೊಬ್ಬರು 'ಮನೆ' ಎಂದು ಬರೆದರು. ಮನೆಯ ಒಳಗೆ ಅಡುಗೆಮನೆ, ಅದರ ಒಳಗೆ 'ಹೊಳೆ ಕಡೆ ಕಿಟಕಿ', ಕಿಟಕಿಯ ಒಳಗೆ 'ನಾನು'. ಅಲ್ಲಿಗೆ ಕೈ ನಿಂತಿತು.

"ಮನ್ಯಾಗೆ ಜನ ಭಾಳ ಅಂತಿದ್ರಲ್ಲಕ್ಕಾ, ಉಳಿದೋರ್ನೂ ಸೇರಿಸ್ರಿ," ಅಂದೆ.

"ಬ್ಯಾಡ್ರಿ ಸಾರ್. ಅವ್ರೆಲ್ಲ ಈಗಿರೋ ಮನ್ಯಾಗೇ ಇರ್ಲಿ ಬಿಡ್ರಿ," ಅಂದರು. ಕಂಪ್ಯೂಟರಿನ ತೆರೆಯಿಂದ ಕಣ್ಣು ಕೀಳಲಿಲ್ಲ. ಮುಂದಿನ ಬ್ಯಾಚಿನವರು ಬಂದು ಪಕ್ಕದಲ್ಲಿ ನಿಂತ ಮೇಲೆ ತಾವೇ ಅಳಿಸಿ, ಬಸ್ಸಿಗೆ ಹೊರಟರು.

ಈಗ ಎಸ್.ಎಸ್. ಬಡಾವಣೆಯಲ್ಲಿ ನಾನೂ ಮನೆ ಕಟ್ಟಿಸಿದ್ದೇನೆ. ಅಡುಗೆಮನೆಗೆ ದೊಡ್ಡ ಕಿಟಕಿಯೇ ಇದೆ. ತೆರೆದರೆ ಪಕ್ಕದ ಮನೆಯವರ ಗೋಡೆ.